ಚೀನಾದಲ್ಲಿ ಇಲ್ಲದ ಲೇತ್

ಲೈಬ್ರರಿಯಲ್ಲಿ ‘ದಿ ಲೇತ್ ಆಫ್ ಹೆವನ್’ ಎಂಬ ಪುಸ್ತಕ ಕಂಡಾಗ, ಯಾರೋ ಮೆಕ್ಯಾನಿಕಲ್ ಪುಸ್ತಕವನ್ನು ಕಾದಂಬರಿಗಳ ನಡುವೆ ಇಟ್ಟಿದ್ದಾರೆ ಅಂದುಕೊಂಡೆ. ಆ ವಾರವಷ್ಟೇ ಲ್ಯಾಬಿನಲ್ಲಿ ಆತುರಕ್ಕೆ ಒಂದೇ ಸಲ ಜಾಸ್ತಿ ಆಳ ಕೊಟ್ಟು ಲೇತ್‌ನ ಟೂಲ್ ಮುರಿದಿದ್ದೆ. ಹೆಸರು ನೋಡಿಯೇ ಕೈಗೆತ್ತಿಕೊಂಡೆ.

ಅದು ಅಮೆರಿಕದ ಅರ್ಸುಲಾ ಲೆ ಗ್ವಿನ್ ಬರೆದ, 1971ರಲ್ಲಿ ಬಂದ ಕಾದಂಬರಿ. ಜಾರ್ಜ್ ಆರ್ ಎಂಬಾತನ ಕೆಲವು ಕನಸುಗಳು ನಿಜವಾಗುತ್ತವೆ. ಎದ್ದಾಗ ಜಗತ್ತೇ ಬದಲಾಗಿರುತ್ತದೆ. ಅವನು ಮನೋವೈದ್ಯ ಹೇಬರ್ ಬಳಿ ಹೋಗಬೇಕಾಗುತ್ತದೆ. ಹೇಬರ್ ಕೆಟ್ಟವನಲ್ಲ, ತೊಂದರೆ ಇರುವುದೇ ಅಲ್ಲಿ. ಜಗತ್ತನ್ನು ಸರಿಮಾಡುವ ಹುರುಪಿನಲ್ಲಿ ಆರ್‌ಗೆ ಇಂಥದ್ದೇ ಕನಸು ಕಾಣು ಅನ್ನುತ್ತಾನೆ. ಜನಸಂಖ್ಯೆ ಇಳಿಯಲಿ ಎಂದರೆ ಮಹಾಮಾರಿಗೆ ನೂರಾರು ಕೋಟಿ ಜನ ಸತ್ತಿರುತ್ತಾರೆ. ವರ್ಣಭೇದ ಹೋಗಲಿ ಎಂದರೆ ಎಲ್ಲರೂ ಬೂದು ಬಣ್ಣಕ್ಕೆ ತಿರುಗಿರುತ್ತಾರೆ!

ಲೆ ಗ್ವಿನ್ ಚಿಕ್ಕವರಿದ್ದಾಗಲೇ ಅಪ್ಪನ ಬಳಿಯಿದ್ದ ‘ತಾವೋ ತೆ ಚಿಂಗ್’ ಓದಿದವರು. 1997ರಲ್ಲಿ ತಮ್ಮದೇ ಇಂಗ್ಲಿಷ್ ರೂಪವನ್ನೂ ತಂದರು. ತಾವೋ ಚಿಂತನೆಯ ‘ವೂ ವೇ’, ಅಂದರೆ ಬಲವಂತ ಮಾಡದಿರುವುದು, ಈ ಕಾದಂಬರಿಯ ತುಂಬ ಇದೆ. ಅದು ಸೋಮಾರಿತನವಲ್ಲ. ಕೊನೆಗೆ ಯಂತ್ರದ ಸ್ವಿಚ್ ಆರಿಸುವವನು ಮೆತ್ತಗಿನ ಆರ್‌ನೇ.

ಪುಸ್ತಕದ ಹೆಸರಿನ ಕಥೆ ಇನ್ನೂ ಚೆಂದ. ತಾವೋ ಪಂಥದ ಇನ್ನೊಂದು ಹಳೆಯ ಗ್ರಂಥ ‘ಚುವಾಂಗ್ ತ್ಸು’. ಜೇಮ್ಸ್ ಲೆಗ್ ಮಾಡಿದ ಅದರ ಅನುವಾದದಿಂದ ಆ ಹೆಸರು ಬಂತು. ಆಮೇಲೆ ಚೀನಾದ ವಿಜ್ಞಾನದ ಇತಿಹಾಸ ಬರೆದ ಜೋಸೆಫ್ ನೀಡಂ ಅವರಿಗೆ ಪತ್ರ ಬರೆದು, ಅನುವಾದ ಚೆನ್ನಾಗಿದೆ, ಆದರೆ ತಪ್ಪು ಎಂದರಂತೆ. ಆ ಕಾಲದ ಚೀನಾದಲ್ಲಿ ಲೇತೇ ಇರಲಿಲ್ಲ! ಮೂಲದ ಪದಕ್ಕೆ ಕುಂಬಾರನ ತಿಗರಿ ಎಂಬ ಅರ್ಥವೂ ಇದೆ. ಲೇತ್ ಕೆತ್ತಿ ತೆಗೆಯುತ್ತದೆ, ತಿಗರಿಯ ಮೇಲೆ ಮಣ್ಣು ಕೈಯೊಳಗೆ ಏಳುತ್ತದೆ. ನನಗಂತೂ ತಪ್ಪು ಹೆಸರೇ ಹೇಬರ್‌ಗೆ ಸರಿ ಅನ್ನಿಸುತ್ತದೆ.

ಹೇಬರ್‌ನನ್ನು ಬೈಯುತ್ತ ಓದುತ್ತಿದ್ದವನಿಗೆ ನಡುವೆ ತಂಗಿಯ ನೆನಪಾಯಿತು. ಅವಳು ಸೆಕೆಂಡ್ ಪಿಯುಸಿ. ಸಿಇಟಿಗೆಂದು ಬೆಳಿಗ್ಗೆ 4.30ರಿಂದ ರಾತ್ರಿ 11ರವರೆಗೆ ಎಕ್ಸೆಲ್‌ನಲ್ಲಿ ಟೈಮ್‌ಟೇಬಲ್ ಮಾಡಿ ಕಳಿಸಿದ್ದೆ. ಚಿತ್ರ ಬಿಡಿಸುವುದನ್ನು ನಿಲ್ಲಿಸಿಸಿದ್ದೂ ನಾನೇ. ಅಂಕ ಏರಲಿಲ್ಲ. ಅವಳು ನನ್ನ ಫೋನ್ ಎತ್ತುವುದನ್ನು ಬಿಟ್ಟಳು.

ಕಳೆದ ಭಾನುವಾರ ಅಮ್ಮನ ಫೋನಿಗೆ ಮಾಡಿ ಅವಳಿಗೆ ಕೊಡಿಸಿಕೊಂಡೆ. ಓದಿನ ಮಾತೆತ್ತದೆ ‘ಊಟ ಆಯ್ತೇನೇ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಣ್ಣಾ, ನನ್ನ ಬಣ್ಣದ ಡಬ್ಬ ಎಲ್ಲಿಟ್ಟಿದ್ದೀಯ?’ ಎಂದು ಕೇಳಿದಳು.