ಬೆಕ್ಕಿನ ಉಗುರು ಕತ್ತರಿಸಿ, ಬೆರಳನ್ನಲ್ಲ

ಮನೆಯಲ್ಲಿ ಬೆಕ್ಕಿದೆ, ಪುಟ್ಟ ಮಗುವೂ ಇದೆ. ಪರಚಿದರೆ ಗತಿಯೇನು? ಬೆಕ್ಕಿನ ಉಗುರುಗಳನ್ನು ಶಾಶ್ವತವಾಗಿ ತೆಗೆಸಿಬಿಟ್ಟರೆ ಹೇಗೆ? ಅಮೆರಿಕದಲ್ಲಿ ನೆಲೆಸಿದ ಮಕ್ಕಳಿಂದ ಇಂಥ ಶಸ್ತ್ರಚಿಕಿತ್ಸೆಯ ವಿಷಯ ಕೇಳಿದ ಹಿರಿಯರಿಗೆ ಈ ಪ್ರಶ್ನೆ ಬರುವುದು ಸಹಜ. ಖಂಡಿತ ಬೇಡ ಎಂಬುದೇ ಉತ್ತರ. ಇದರಿಂದ ಬೆಕ್ಕಿಗೂ ಹಾನಿ, ನಿಮಗೂ ಲಾಭವಿಲ್ಲ.

ಏನಿದು ಶಸ್ತ್ರಚಿಕಿತ್ಸೆ?

ನಮ್ಮ ಉಗುರು ಚರ್ಮದಿಂದ ಬೆಳೆಯುತ್ತದೆ. ಬೆಕ್ಕಿನ ಉಗುರು ಬೆರಳ ತುದಿಯ ಮೂಳೆಯಿಂದಲೇ ಬೆಳೆಯುತ್ತದೆ. ಅದು ಮತ್ತೆ ಬಾರದಿರಬೇಕಾದರೆ ಆ ಮೂಳೆಯನ್ನೇ ತೆಗೆಯಬೇಕು. ನಮ್ಮ ಬೆರಳುಗಳನ್ನು ಕೊನೆಯ ಗೆಣ್ಣಿಗೆ ಕತ್ತರಿಸಿದ ಹಾಗೆ! ಎರಡು ಮುಂಗಾಲುಗಳಲ್ಲಿ ಒಟ್ಟು 10 ಬೆರಳುಗಳಿಗೆ ಈ ಶಿಕ್ಷೆ.

ನೋವು, ರಕ್ತಸ್ರಾವ, ಸೋಂಕು ಉಂಟಾಗಬಹುದು. ಬೆಕ್ಕು ಬೆರಳುಗಳ ಮೇಲೆ ನಡೆಯುವ ಪ್ರಾಣಿ. ನಡಿಗೆ ಬದಲಾಗಿ ಬೆನ್ನುನೋವೂ ಬರಬಹುದು. ಮರಳು ಕೆದಕಿದರೆ ನೋವಾಗುವುದರಿಂದ ಕೆಲವು ಬೆಕ್ಕುಗಳು ಕಂಡಕಂಡಲ್ಲಿ ಮೂತ್ರ ಮಾಡುತ್ತವೆ. ಆತ್ಮರಕ್ಷಣೆಗೆ ಉಗುರಿಲ್ಲದಾಗ ಹಲ್ಲು ಬಳಸುತ್ತವೆ. ಬೆಕ್ಕಿನ ಚೂಪು ಹಲ್ಲು ಆಳಕ್ಕೆ ಇಳಿಯುವುದರಿಂದ ಗೀರಿಗಿಂತ ಕಡಿತವೇ ಹೆಚ್ಚು ಅಪಾಯ. ಎಚ್‌ಐವಿ ಸೋಂಕಿತರ ಮನೆಯ ಬೆಕ್ಕಿಗೂ ಅಮೆರಿಕದ ಆರೋಗ್ಯ ಮಾರ್ಗಸೂಚಿಗಳು ಇದನ್ನು ಸಲಹೆ ಮಾಡುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೆ ನಿಷೇಧವಿದೆ. ಅಮೆರಿಕದ ರಾಜ್ಯಗಳ ಪೈಕಿ ನ್ಯೂಯಾರ್ಕ್ 2019ರಲ್ಲಿ ಮೊದಲು ನಿಷೇಧಿಸಿತು. ಪ್ರಾಣಿಯ ಅಂಗಭಂಗ ಮಾಡುವುದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಹಾಗಾದರೆ ಏನು ಮಾಡಬೇಕು?

* ಎರಡು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ಪಾದವನ್ನು ಮೆಲ್ಲನೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳವೂ ನರವೂ ಇರುತ್ತವೆ, ಅದನ್ನು ಮುಟ್ಟಬೇಡಿ. ಮರಿಯಾಗಿದ್ದಾಗಲೇ ಅಭ್ಯಾಸ ಮಾಡಿಸಿದರೆ ಸುಲಭ.

* ಕೆರೆಯುವುದು ಬೆಕ್ಕಿನ ಹುಟ್ಟುಗುಣ, ಹೊಡೆದರೆ ಬಿಡುವುದಿಲ್ಲ. ಸುಮಾರು 3 ಅಡಿ ಎತ್ತರದ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನು ಬಿಗಿಯಾಗಿ ಸುತ್ತಿ, ಅಲುಗಾಡದಂತೆ ಸೋಫಾದ ಪಕ್ಕ ನಿಲ್ಲಿಸಿ.

* ಬೆಕ್ಕು ತಿನ್ನುವಾಗ, ಮಲಗಿರುವಾಗ ಮಕ್ಕಳು ಕೆಣಕದಂತೆ ನೋಡಿಕೊಳ್ಳಿ. ಪುಟ್ಟ ಮಗುವಿನ ಬಳಿ ಬೆಕ್ಕನ್ನು ಒಂಟಿಯಾಗಿ ಬಿಡಬೇಡಿ.

* ಬೆಕ್ಕಿಗೆ ಪಶುವೈದ್ಯರಿಂದ ರೇಬಿಸ್ ಲಸಿಕೆ ಹಾಕಿಸಿ.

ಪರಚಿದರೆ, ಕಚ್ಚಿದರೆ

ಗಾಯವನ್ನು ಕೂಡಲೇ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಗೀರು ಸಣ್ಣದೆಂದು ಅಲಕ್ಷಿಸದೆ ಅಂದೇ ವೈದ್ಯರನ್ನು ಕಾಣಿ. ರೇಬಿಸ್, ಧನುರ್ವಾಯು ಲಸಿಕೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಫಲಿಸುವುದಿಲ್ಲ. ಒಂದೆರಡು ವಾರಗಳ ನಂತರ ಜ್ವರ ಬಂದು ಕಂಕುಳಲ್ಲಿ ಗಡ್ಡೆ ಕಾಣಿಸಿದರೆ, ಬೆಕ್ಕು ಪರಚಿದ್ದನ್ನು ವೈದ್ಯರಿಗೆ ತಿಳಿಸಲು ಮರೆಯಬೇಡಿ.

ಮಗುವಿನ ರಕ್ಷಣೆಗೆ ಬೇಕಾದದ್ದು ಲಸಿಕೆ, ಸೋಪು ಮತ್ತು ಮನೆಯವರ ಎಚ್ಚರ. ಬೆಕ್ಕಿನ ಬೆರಳು ಅದರ ಪಾಡಿಗೆ ಇರಲಿ.