ಕಡಲಾಚೆಯ ಊರಿನ ಹೆಸರು

1845ರಲ್ಲಿ ತೊಡಗಿದ ಆಲೂಗೆಡ್ಡೆಯ ಕ್ಷಾಮಕ್ಕೆ ತತ್ತರಿಸಿ ಅಮೆರಿಕೆಗೆ ಹಡಗೇರಿದ ಐರಿಷ್ ಜನರ ಸಂತತಿಯವರು ಹಿರಿಯರ ಊರನ್ನು ಅರಸುತ್ತಾರೆ. ಅರಸುವುದಾದರೂ ಎಲ್ಲಿ? ಹಡಗಿನ ಪಟ್ಟಿಗಳಲ್ಲಿ ಅನೇಕ ವೇಳೆ ‘ಐರ್ಲೆಂಡ್’ ಎಂದಷ್ಟೇ ಇದೆ. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳು 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ದಫ್ತರಖಾನೆಯೊಡನೆ ಬಹುಮಟ್ಟಿಗೆ ಬೂದಿಯಾದವು. ಉಳಿದು ನೆರವಾಗುವುದು 1847–64ರ ನಡುವೆ ಗ್ರಿಫಿತ್ ಎಂಬ ಅಧಿಕಾರಿ ಅಚ್ಚು ಹಾಕಿಸಿದ ಭೂಮಿಯ ಮೌಲ್ಯದ ಪಟ್ಟಿ. ಯಾವ ನೆಲದಲ್ಲಿ ಯಾರು ಒಕ್ಕಲಿದ್ದರೆಂದು ಅದು ಹೇಳುತ್ತದೆ. ತೆರಿಗೆಗೆಂದು ಬರೆದದ್ದು ವಂಶಾವಳಿಗೆ ಆಧಾರವಾಯಿತು, ನೋಡಿ! ಆದರೆ ಮನೆಯೊಡೆಯನ ಹೆಸರಿದೆಯೇ ಹೊರತು ಮಕ್ಕಳದ್ದಿಲ್ಲ; ಮರ್ಫಿಗಳಂತೂ ಸಾವಿರಾರು. ಅರವತ್ತು ಸಾವಿರಕ್ಕೂ ಮಿಕ್ಕ ಗ್ರಾಮಭಾಗಗಳಲ್ಲಿ ತಮ್ಮದಾವುದೆಂದು ತಿಳಿಯದೆ ಅದನ್ನು ತೆರೆದು ಫಲವಿಲ್ಲ. ಆ ಹೆಸರು ದೊರೆತರೆ ಅಮೆರಿಕೆಯಲ್ಲಿಯೇ ದೊರೆಯಬೇಕು: ಇಗರ್ಜಿಯ ಮದುವೆಯ ದಾಖಲೆಯಲ್ಲಿ, ಇಲ್ಲವೇ ಸಮಾಧಿಯ ಕಲ್ಲಿನ ಮೇಲೆ. ನಾನು ಹೆಚ್ಚು ನೆಚ್ಚುವುದು ಕಲ್ಲನ್ನೇ. ಹಡಗಿನ ಗುಮಾಸ್ತ ಕೇಳದಿದ್ದ ಊರನ್ನು ಮಕ್ಕಳು ಅಲ್ಲಿ ಕೊರೆಸಿದ್ದಾರೆ.