ವಾಣಿಜ್ಯ ಪದವಿಯ ಆಯ್ಕೆ: ವೆಚ್ಚವೂ ಫಲವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಪಿ.ಯು.ಸಿ. ಮುಗಿಸಿದ ವಾಣಿಜ್ಯ ವಿದ್ಯಾರ್ಥಿಯ ಮುಂದೆ ಮೂರು ಮಾರ್ಗಗಳಿವೆ: ಊರ ಸಮೀಪದ ಕಾಲೇಜಿನ ಬಿ.ಕಾಂ., ಬೆಳಗಾವಿಯ ಬಿ.ಬಿ.ಎ., ಇಲ್ಲವೆ ಗಡಿಯಾಚೆಯ ಕೊಲ್ಹಾಪುರ ಅಥವಾ ಸಾಂಗಲಿಯ ವ್ಯಾಸಂಗ. ಇವುಗಳ ತಾರತಮ್ಯವನ್ನು ಶುಲ್ಕವೊಂದರಿಂದಲೇ ನಿರ್ಣಯಿಸುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಸಮೀಪದ ಕಾಲೇಜಿನ ವಾರ್ಷಿಕ ಶುಲ್ಕ 10,000 ರೂಪಾಯಿ, ದೂರದ್ದು 40,000 ಎಂದಿಟ್ಟುಕೊಂಡರೆ, ಮೂರು ವರ್ಷಗಳ ಅಂತರ 90,000. ವಸತಿ, ಊಟಗಳಿಗೆ ತಿಂಗಳಿಗೆ 6,000ದಂತೆ ವರ್ಷದಲ್ಲಿ ಹತ್ತು ತಿಂಗಳು ಹಿಡಿದರೆ ಮತ್ತೆ 1,80,000 ಕೂಡುತ್ತದೆ. ಹೀಗೆ, ಕಾಣದ ವೆಚ್ಚವೇ ಕಾಣುವ ವೆಚ್ಚದ ಇಮ್ಮಡಿಯಾಗುತ್ತದೆ. ಕಬ್ಬಿನ ಬಿಲ್ಲನ್ನೇ ನಂಬಿದ ಮನೆತನಕ್ಕೆ ಇದು ಸಾಲದ ಪ್ರಶ್ನೆ.

ಇನ್ನು ಫಲದ ವಿಚಾರ. ಎಂ.ಬಿ.ಎ. ಪ್ರವೇಶಕ್ಕೆ ಬಿ.ಬಿ.ಎ. ಪದವಿಯೇ ಆಗಬೇಕೆಂಬ ನಿಯಮವಿಲ್ಲ, ಬಿ.ಕಾಂ. ಪದವೀಧರನೂ ಅದಕ್ಕೆ ಅರ್ಹನು. ನಿಪ್ಪಾಣಿಯ ತಂಬಾಕಿನ ವ್ಯಾಪಾರ, ಈ ಭಾಗದ ಸಕ್ಕರೆ ಕಾರ್ಖಾನೆಗಳು, ಪತ್ತಿನ ಸಹಕಾರಿ ಸಂಘಗಳು ಇವಕ್ಕೆಲ್ಲ ಬೇಕಾದುದು ಲೆಕ್ಕಪತ್ರ ಹಾಗೂ ಜಿ.ಎಸ್.ಟಿ.ಯ ಪರಿಣತಿ. ಮಾರಾಟ, ಆಡಳಿತಗಳಲ್ಲಿ ನಗರದ ಉದ್ಯೋಗವನ್ನೇ ಬಯಸುವವನಿಗೆ ಬಿ.ಬಿ.ಎ. ಉಪಯುಕ್ತವಾದೀತು, ಆದರೆ ಅಂಥ ಉದ್ಯೋಗಗಳನ್ನು ಒದಗಿಸಿಕೊಟ್ಟ ಕಾಲೇಜಿನಲ್ಲಿ ಮಾತ್ರ.

ಆದುದರಿಂದ ಪ್ರವೇಶಕ್ಕೆ ಮುನ್ನ ಎರಡು ಸಂಗತಿಗಳನ್ನು ವಿಚಾರಿಸತಕ್ಕದ್ದು. ಮೊದಲನೆಯದು, 2024-25ರಿಂದ ಬಿ.ಬಿ.ಎ.ಗೂ ಅನ್ವಯಿಸಿದ ಎ.ಐ.ಸಿ.ಟಿ.ಇ. ಅನುಮೋದನೆ ಆ ಕಾಲೇಜಿಗೆ ಉಂಟೇ? ಎರಡನೆಯದು, ಹಿಂದಿನ ವರ್ಷ ತೇರ್ಗಡೆಯಾದವರಲ್ಲಿ ಎಷ್ಟು ಮಂದಿಗೆ, ಎಲ್ಲಿ, ಯಾವ ಸಂಬಳದ ಕೆಲಸ ದೊರೆಯಿತು? ಅತ್ಯಧಿಕ ಸಂಬಳ ಪಡೆದ ಒಬ್ಬನ ಉದಾಹರಣೆ ಇದಕ್ಕೆ ಉತ್ತರವಾಗದು. ಸಾಮಾನ್ಯ ವಿದ್ಯಾರ್ಥಿಯ ಸಂಬಳದಿಂದ ಸಾಲ ಎಷ್ಟು ವರ್ಷಗಳಲ್ಲಿ ತೀರುವುದೆಂಬುದೇ ಆಯ್ಕೆಯ ನಿಜವಾದ ಅಳತೆಗೋಲು.